ಬೆಲ್ಲು ಒತ್ತದ ಕಿರಿಸ್ವಾಮಿ

ಅವರ ಕಿವಿಗಳು ದೊಡ್ಡವು. ಬೋಳಿಸಿದ ತಲೆಯ ಎರಡೂ ಪಕ್ಕಕ್ಕೆ ಯಾರೋ ಆಮೇಲೆ ನೆನಪು ಮಾಡಿಕೊಂಡು ಅಂಟಿಸಿದ ಹಾಗೆ ಚಾಚಿಕೊಂಡಿದ್ದವು. ಬೆಳಗಿನ ಪೂಜೆಗೆ ಗುಡಿಯ ಬಾಗಿಲಲ್ಲಿ ನಿಂತಾಗ ಹಿಂದಿನಿಂದ ಎಳೆಬಿಸಿಲು ಬಿದ್ದು ಕೆಂಪಗಾಗುತ್ತಿದ್ದವು. ಒಳಗಿನ ಸಣ್ಣ ನರಗಳೂ ಕಾಣುತ್ತಿದ್ದವು. ಇಷ್ಟು ತೆಳು ಚರ್ಮದವರು ಒಂದು ವಾರ ನಮ್ಮ ಬಡಾವಣೆಯನ್ನು ತಡೆದುಕೊಳ್ಳುತ್ತಾರೆಯೇ ಎಂಬುದು ನನ್ನ ಮೊದಲ ಚಿಂತೆ. ಮೊದಲನೆಯದು ಅಂದೆನಷ್ಟೆ. ಬೇರೆ ಯಾವುದಕ್ಕೆ ಕೊರತೆಯಾದರೂ ಚಿಂತೆಗೆ ನನ್ನ ಹತ್ತಿರ ಕೊರತೆಯಾಗಿಲ್ಲ.

ನಮ್ಮದು ಶ್ರೀರಂಗಪಟ್ಟಣದ ಹೊರಗೆ, ಕರಿಘಟ್ಟದ ಬೆಟ್ಟ ಕಾಣುವ ಹಾಗೆ ಕಟ್ಟಿದ ಬಡಾವಣೆ. ಪಾಂಡವಪುರದ ಕಬ್ಬು, ನಾಗಮಂಗಲದ ತೆಂಗು, ಕೆ.ಆರ್. ಪೇಟೆಯ ಕಂಟ್ರಾಕ್ಟು, ಎಲ್ಲವೂ ದುಡ್ಡಾಗಿ ಬಂದು ಇಲ್ಲಿ ಮನೆಗಳಾಗಿ ನಿಂತಿವೆ. ನನ್ನದು ಹೆದ್ದಾರಿಗೆ ಹೋದ ಜಮೀನಿನ ಪರಿಹಾರದ ಮನೆ. ಬೇರೆ ಯಾರೂ ಒಪ್ಪದ್ದರಿಂದ ನಾನೇ ಸಂಘದ ಕಾರ್ಯದರ್ಶಿ. ಬೀದಿದೀಪ, ನೀರಿನ ಮೋಟಾರು, ನಾಯಿಗಳ ಜಗಳ ಎಲ್ಲ ನನ್ನ ಪಾಲು. ಅದರ ಮೇಲೆ ಹೊಸದಾಗಿ ಕಟ್ಟಿದ ಗುಡಿಗೆ ಒಂದು ವಾರ ಸೇವೆ ಮಾಡಲು ಸ್ವಾಮಿಗಳು ಬೇಕೆಂದಾಗ ಅದೂ ನನ್ನ ಪಾಲಿಗೇ ಬಂತು.

ನಾಗಮಂಗಲದ ಕಡೆಯ ಒಂದು ಸಣ್ಣ ಆಶ್ರಮದಿಂದ ಅವರನ್ನು ಕಳಿಸಿಕೊಟ್ಟರು. ಕಾವಿ ಇನ್ನೂ ಬಂದಿರಲಿಲ್ಲ, ಬಿಳಿ ಬಟ್ಟೆ. ಊರು ಸಿಂಧಘಟ್ಟದ ಹತ್ತಿರ. ಮನೆಯಲ್ಲಿ ಹಸು, ಹೊಲ ಎಲ್ಲ ಬಿಟ್ಟು ಬಂದವರು. ಹುಡುಗನ ಮುಖ, ಆದರೆ ಕಣ್ಣಿನಲ್ಲಿ ದೂರದ ಬಸ್ಸಿನಿಂದ ಆಗತಾನೇ ಇಳಿದವರ ದಣಿವು. ಆಶ್ರಮದಲ್ಲಿ ದೊಡ್ಡ ಸ್ವಾಮಿಗಳು ಬೇರೆ ಇದ್ದುದರಿಂದ ನಮ್ಮವರು ಇವರನ್ನು ಕಿರಿಸ್ವಾಮಿ ಎಂದರು.

ಕರೆತರುವಾಗ ಕಾರಿನಲ್ಲೇ ಅವರು ಊಟದ ವಿಷಯ ಹೇಳಿದ್ದರು. ದಿನಕ್ಕೆ ಒಂದೇ ಊಟ, ಅದೂ ಭಿಕ್ಷೆಯ ಅನ್ನ. ಮಧ್ಯಾಹ್ನ ಮೂರು ಮನೆಯ ಮುಂದೆ ನಿಲ್ಲುವುದು. ಒಂದು ಮನೆಯಲ್ಲಿ ಸಿಕ್ಕರೆ ಅಲ್ಲಿಗೆ ಸಾಕು, ಮೂರರಲ್ಲೂ ಸಿಗದಿದ್ದರೆ ಅಂದು ಉಪವಾಸ. ಸಿಕ್ಕ ಮನೆಗೆ ಆ ವಾರ ಮತ್ತೆ ಹೋಗುವಂತಿಲ್ಲ. ಪ್ರತಿ ಮನೆಯ ಮುಂದೂ ನಿಲ್ಲುವುದು ಒಂದು ಹಸುವಿನ ಹಾಲು ಕರೆಯುವಷ್ಟು ಹೊತ್ತು ಮಾತ್ರ. ನಾನು ಇದನ್ನು ಬಡಾವಣೆಯ ವಾಟ್ಸಾಪ್ ಗುಂಪಿಗೆ ಹಾಕಿದೆ. ಅಲ್ಲಿ ಅರ್ಧ ದಿನ ಚರ್ಚೆ ನಡೆದದ್ದು ಹಾಲಿನ ಮೇಲೆ. ನಾಟಿ ಹಸುವೋ ಸೀಮೆಹಸುವೋ, ಕರು ಬಿಟ್ಟು ಕರೆಯುವುದೋ ಬಿಡದೆಯೋ ಎಂದು, ಹತ್ತು ವರ್ಷದಿಂದ ಪ್ಯಾಕೆಟ್ ಹಾಲು ಕುಡಿಯುತ್ತಿರುವವರೆಲ್ಲ ತಮ್ಮ ಹಳೆಯ ಕೊಟ್ಟಿಗೆಗಳನ್ನು ನೆನೆಸಿಕೊಂಡರು.

ಮೊದಲ ದಿನ ಅವರು ನಮ್ಮ ಮನೆಗೇ ಬಂದರು. ದಾರಿ ತಪ್ಪಿದರೋ, ಯಾರದಾದರೂ ನಾಯಿ ಬಿಚ್ಚಿಕೊಂಡಿತೋ ಎಂದು ನಾನು ಅರ್ಧ ಗಂಟೆಯಿಂದ ಗೇಟು ಹಿಡಿದು ನಿಂತಿದ್ದೆ. "ಒಳಗೆ ಬನ್ನಿ, ಆ ಮಗು ಕಳೆದುಹೋಗೋಕೆ ಇದೇನು ಕಾಡಾ?" ಎಂದು ಹೆಂಡತಿ ಒಳಗಿನಿಂದ ರೇಗುತ್ತಿದ್ದಳು. ಅವರು ಬಂದರು, ಎದುರಿಗೇ ನಾನಿದ್ದೆ, ಅವಳು ಮುದ್ದೆ, ಬಸ್ಸಾರು ತಂದು ಹಾಕಿದಳು. ಅವರು ಗುಡಿಯ ಹಿಂದೆ ಕೂತು, ತಲೆ ಎತ್ತದೆ ಉಂಡರು. ಎಲ್ಲ ಸುಸೂತ್ರ ಎಂದು ನಾನು ಮೈಕು, ಕುರ್ಚಿ, ಕಾರು ನಿಲ್ಲಿಸುವ ಜಾಗ ಮುಂತಾದ ಬೇರೆ ಚಿಂತೆಗಳ ಕಡೆ ತಿರುಗಿದೆ.

ಎರಡನೆಯ ದಿನ ಸಂಜೆಯಿಂದ ದೂರುಗಳು ಶುರುವಾದವು. ಸಂಘದ ಅಧ್ಯಕ್ಷರು ಪಾಂಡವಪುರದ ಕಡೆಯ ಅಕ್ಕಿ ಗಿರಣಿಯವರು, ದೊಡ್ಡ ಮನೆ, ದೊಡ್ಡ ದನಿ. ಬೆಳಗಿನಿಂದ ಅವರ ಮನೆಯಲ್ಲಿ ಒಬ್ಬಟ್ಟು ಬೆಂದಿತ್ತು.

"ಏನ್ಲಾ ಸೆಕ್ರೆಟರಿ, ನಿನ್ ಸ್ವಾಮಿ ನಮ್ಮನೆ ಬೆಲ್ಲೇ ಒತ್ನಿಲ್ವಲ್ಲೋ. ನಿಮ್ಮನೆ ಮುದ್ದೆ ಆಯ್ತದೆ, ನಮ್ಮನೆ ಒಬ್ಬಟ್ಟು ಆಗಾಕಿಲ್ವಾ?"

ಬೇರೆಯವರ ಮನೆಯಲ್ಲಿ ಉಂಡಿರಬಹುದು ಎಂದೆ. ಎಲ್ಲರೂ ಅದನ್ನೇ ತಿಳಿದಿದ್ದರು. ಪ್ರತಿ ಮನೆಯೂ ಎಲೆ ಹಾಸಿ ಕಾಯುತ್ತಿತ್ತು, ಬರಲಿಲ್ಲವಾದರೆ ಪಕ್ಕದ ಮನೆಗೆ ಹೋದರೆಂದು ಮುಖ ಊದಿಸಿಕೊಳ್ಳುತ್ತಿತ್ತು. ಸಂಜೆಯ ಪ್ರವಚನದಲ್ಲಿ ಅವರ ಮುಂದೆ ಸೇಬು, ದಾಳಿಂಬೆಗಳ ರಾಶಿ ಬೀಳುತ್ತಿತ್ತು. ಮುಗಿದ ಮೇಲೆ ಅದನ್ನೆಲ್ಲ ಅವರು ತಂದವರಿಗೇ ಹಂಚಿಬಿಡುತ್ತಿದ್ದರು. ಮಾತು ಕಡಿಮೆ. ಒಮ್ಮೊಮ್ಮೆ ವಾಕ್ಯದ ನಡುವೆಯೇ ನಿಂತುಬಿಡುತ್ತಿದ್ದರು. ಯೋಚಿಸುತ್ತಿದ್ದಾರೆಂದು ಜನ ಕೈಮುಗಿಯುತ್ತಿದ್ದರು.

ಮೂರನೆಯ ದಿನ ಬೆಳಗಿನ ಮಂಗಳಾರತಿಯಲ್ಲಿ ತಟ್ಟೆ ನಡುಗಿತು. ಆರತಿ ಕೆಳಗಿಟ್ಟು ಅವರು ಕಂಬ ಹಿಡಿದು ಕೂತರು. ಮಧ್ಯಾಹ್ನ ನಾನು ಛತ್ರಿ ಹಿಡಿದು, ಸ್ವಲ್ಪ ದೂರದಲ್ಲಿ ಹಿಂದೆ ಹೊರಟೆ.

ಅವರು ಅಧ್ಯಕ್ಷರ ಗೇಟಿನ ಮುಂದೆ ನಿಂತರು. ಎದೆಯಷ್ಟು ಎತ್ತರಕ್ಕೆ ಬೆಲ್ಲಿತ್ತು, ಅದರ ಮೇಲೆ ಕ್ಯಾಮೆರಾ. ಅದರ ಕಡೆ ನೋಡಲೂ ಇಲ್ಲ. "ಭವತಿ ಭಿಕ್ಷಾಂ ದೇಹಿ" ಎಂದರು, ಪಕ್ಕದವರಿಗೆ ಹೇಳುವಷ್ಟು ದನಿಯಲ್ಲಿ, ಒಂದೇ ಸಲ. ಒಳಗೆ ಏಸಿ ಗುಂಯ್‌ಗುಡುತ್ತಿತ್ತು, ಟಿವಿ ನಡೆಯುತ್ತಿತ್ತು, ದಪ್ಪ ಗಾಜಿನ ಆಚೆ ಹಾಸಿದ ಬಾಳೆಲೆ ಕೂಡ ಕಾಣುತ್ತಿತ್ತು. ಅವರು ನೆಲ ನೋಡುತ್ತ ನಿಂತರು. ಒಳಗಿನವರು ಬೆಲ್ಲಿಗೆ ಕಾಯುತ್ತಿದ್ದರು, ಹೊರಗಿನವರು ಬಾಗಿಲಿಗೆ. ಹೊತ್ತು ಮೀರಿತೆನ್ನುವಾಗ ಅವರು ಮುಂದಿನ ಮನೆಗೆ ನಡೆದರು. ಅಲ್ಲೂ ಅದೇ. ಮೂರನೆಯದರಲ್ಲೂ ಅದೇ.

ನಾನು ಓಡಿಹೋಗಿ ಛತ್ರಿ ಹಿಡಿದೆ. ನಿನ್ನೆ ಎಲ್ಲಿ ಊಟವಾಯಿತೆಂದು ಕೇಳಿದೆ. ಆಗಲಿಲ್ಲ ಎಂದರು, ಮಳೆ ಬರಲಿಲ್ಲ ಎನ್ನುವ ಹಾಗೆ.

"ಬೆಲ್ಲು ಒತ್ತಬಾರದಾ ಸ್ವಾಮಿ?"

"ಒತ್ತಬ್ಯಾಡ ಅಂತ ದೊಡ್ಡೋರು ಅಂದವ್ರೆ ಅಣ್ಣ. ಬಾಯಲ್ಲಿ ಒಂದ್ಸಲ ಕೂಗೋದು, ಅಷ್ಟೇಯ."

"ಅಂಗಾರೆ ನಾನೇ ಎಲ್ಲರಿಗೂ ಹೇಳ್ತೀನಿ, ಹೊರಗೆ ನಿಂತಿರಿ ಅಂತ."

ಅವರು ನಿಂತುಬಿಟ್ಟರು. ಆ ವಾರದಲ್ಲಿ ಅವರ ಮುಖದಲ್ಲಿ ಭಯ ಕಂಡದ್ದು ಅದೊಂದೇ ಸಲ. "ಬ್ಯಾಡಿ ಅಣ್ಣ. ನಿಮ್ ಕೈಲಿ ಹೇಳ್ಸುದ್ರೂ ನಾನು ಕೇಳಿ ತಿಂದಂಗೇ. ಈ ವಾರ ನೋಡ್ಕಂಡೇ ನಂಗೆ ಕಾವಿ ಕೊಡೋದು. ಹೇಳಾಕಿಲ್ಲ ಅಂತ ಮಾತು ಕೊಡಿ."

ಮಾತು ಕೊಟ್ಟೆ. ಮನೆಗೆ ಬಂದೆ. ನನಗೆ ಅನ್ನ ಇಳಿಯಲಿಲ್ಲ.

ಹಳ್ಳಿಯಲ್ಲಾಗಿದ್ದರೆ ಇದು ಪರೀಕ್ಷೆಯೇ ಅಲ್ಲ. ಮಧ್ಯಾಹ್ನ ಯಾವ ಮನೆಯ ಜಗಲಿಯಲ್ಲೂ ಯಾರಾದರೂ ಇದ್ದೇ ಇರುತ್ತಾರೆ. ನಮ್ಮ ಬಡಾವಣೆಯಲ್ಲಿ ಹೊರಗೆ ನಿಲ್ಲಲು ಯಾರಿಗೂ ಕಾರಣವಿಲ್ಲ. ಇಡೀ ಬಡಾವಣೆಯಲ್ಲಿ ಸುಮ್ಮನೆ ಗೇಟಿನಲ್ಲಿ ನಿಲ್ಲುವವನು ನಾನೊಬ್ಬನೇ, ಅದೂ ಚಿಂತೆಯಿಂದ. ಹಾಗೆ ಯೋಚಿಸುತ್ತಿದ್ದಾಗಲೇ ದಾರಿ ಹೊಳೆಯಿತು: ಎಲ್ಲರಿಗೂ ಸ್ವಲ್ಪ ಚಿಂತೆ ಹಂಚಿದರಾಯಿತು. ಸ್ವಾಮಿಗಳ ಸುದ್ದಿ ಎತ್ತದೆ, ನಾಲ್ಕನೆಯ ದಿನ ಬೆಳಿಗ್ಗೆ ಗುಂಪಿಗೆ ಬರೆದೆ. ಕರಿಘಟ್ಟದ ಕಡೆಯಿಂದ ಕೋತಿಗಳ ಹಿಂಡು ಇಳಿದಿದೆ, ಮಧ್ಯಾಹ್ನದ ಹೊತ್ತು ಅಡುಗೆಮನೆಗೆ ನುಗ್ಗುತ್ತವೆ, ದಯವಿಟ್ಟು ಆ ಹೊತ್ತಿನಲ್ಲಿ ಎಲ್ಲರೂ ಗೇಟಿನ ಬಳಿ ಎಚ್ಚರದಿಂದಿರಿ.

ಅಂದು ಮಧ್ಯಾಹ್ನ ನಮ್ಮ ಬೀದಿಯನ್ನು ನೋಡಬೇಕಿತ್ತು. ಕ್ರಿಕೆಟ್ ಬ್ಯಾಟು ಹಿಡಿದ ಕಂಟ್ರಾಕ್ಟರು, ತಟ್ಟೆ ಬಡಿಯುವ ಹೆಂಗಸರು, ಲುಂಗಿ ಎತ್ತಿಕಟ್ಟಿ ಬಿದಿರುಕೋಲು ನೆಟ್ಟುಕೊಂಡು ನಿಂತ ಅಧ್ಯಕ್ಷರು. ಅವರ ಎದುರಿಗೆ ಬಂದು ಕಿರಿಸ್ವಾಮಿ ಮೆಲ್ಲಗೆ ಕೂಗಿದರು. ಅಧ್ಯಕ್ಷರು ಕೋಲು ಎಸೆದು ಒಳಗೆ ಓಡಿದ ವೇಗವನ್ನು ನಾನು ಅವರಲ್ಲಿ ಎಂದೂ ಕಂಡಿರಲಿಲ್ಲ. ಯಾರ ಕೈಗೂ ಕೊಡದೆ ತಾವೇ ಅನ್ನ, ಒಬ್ಬಟ್ಟು ತಂದು ಬಡಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ನೋಡ್ದೇನ್ಲಾ, ಬಂದ್ರು" ಎಂದರು. ಕಣ್ಣು ಒದ್ದೆಯಾಗಿತ್ತು.

ಐದನೆಯ ದಿನದ ನನ್ನ ಸಂದೇಶದಲ್ಲಿ ಕೋತಿಗಳು ಕ್ಲಬ್‌ಹೌಸಿನ ಹಿಂದೆ ಕಂಡವು. ಆರನೆಯ ದಿನ ಅವುಗಳಿಗೆ ಮರಿಗಳೂ ಆದವು. ಇಷ್ಟು ದಿನದಲ್ಲಿ ನನ್ನನ್ನು ಬಿಟ್ಟು ಯಾರಿಗೂ ಒಂದೂ ಕಾಣಿಸಲಿಲ್ಲ. ನೀವು ಕಂಡ ಕೋತಿ ಕನ್ನಡಿಯಲ್ಲಿರಬೇಕು ಎಂದಳು ಹೆಂಡತಿ. ಅಂತೂ ಕಿರಿಸ್ವಾಮಿ ಉಂಡರು. ಉಣ್ಣುವ ಮುಂಚೆ ದಿನಾ ನನ್ನ ಮುಖವನ್ನೊಮ್ಮೆ ನೋಡುತ್ತಿದ್ದರು. ನಾನು ಬೆಟ್ಟದ ಕಡೆ ನೋಡುತ್ತಿದ್ದೆ. ಸುಳ್ಳು ಹೇಳುವುದು ಎಷ್ಟು ಸುಸ್ತಿನ ಕೆಲಸ ಎಂದು ಆ ವಾರ ತಿಳಿಯಿತು. ಆರತಿಯ ತಟ್ಟೆ ನಡುಗುವುದು ಮಾತ್ರ ನಿಂತಿತು.

ಏಳನೆಯ ದಿನ ಅವರು ಭಿಕ್ಷೆಗೆ ಹೊರಡಲಿಲ್ಲ. ಬೆಳಗಿನ ಪೂಜೆ ಮುಗಿಸಿ, ಬಟ್ಟೆಯ ಗಂಟು ಹಿಡಿದು, ಆಶ್ರಮಕ್ಕೆ ಹಿಂದಿರುಗಲು ನನ್ನ ಕಾರಿನಲ್ಲಿ ಬಂದು ಕೂತರು. ಪಾಂಡವಪುರ ದಾಟುವಷ್ಟರಲ್ಲಿ ಬಾಯಿ ತೆರೆದು ನಿದ್ದೆ ಹೋಗಿದ್ದರು. ಕಬ್ಬಿನ ಹಸಿರು ಮುಗಿದು ನಾಗಮಂಗಲದ ಒಣ ನೆಲ ಶುರುವಾದ ಮೇಲೆ ಎಚ್ಚರವಾಯಿತು.

"ಕೋತಿ ಒಂದೂ ಇರ್ನಿಲ್ಲ ಅಲ್ವಾ ಅಣ್ಣ?"

ಇರಲಿಲ್ಲ ಎಂದೆ. ಯಾವಾಗ ತಿಳಿಯಿತು ಎಂದು ಕೇಳಿದೆ.

"ಕೋಲು ಇಡ್ಕಂಡು ಅಷ್ಟ್ ಜನ ನಿಂತಿದ್ರಲ್ಲ, ಅವತ್ತೇಯ."

"ಮತ್ತೆ ಯಾಕೆ ಉಂಡ್ರಿ ಸ್ವಾಮಿ?"

ಅವರು ಗಂಟಿನ ತುದಿಯನ್ನು ಬಿಚ್ಚಿ ಮತ್ತೆ ಕಟ್ಟಿದರು. "ಛತ್ರಿ ಇಡ್ಕಂಡು ಇಂದಿಂದೇನೇ ಬತ್ತಿದ್ರಿ. ನಾನು ಉಣ್ಣಾಕಿಲ್ಲ ಅಂದಿದ್ರೆ ನೀವೂ ಉಣ್ತಿರ್ನಿಲ್ಲ. ನಿಮ್ ಮಕ ನೋಡಕ್ಕಾಗ್ನಿಲ್ಲ ಅಣ್ಣ, ಅದ್ಕೇ ಉಂಡ್ಬುಟ್ಟೆ."

ಆಶ್ರಮದ ಬಾಗಿಲಲ್ಲಿ ಇಳಿದವರು ಸೀದಾ ಒಳಗೆ ಹೋದರು.

ಒಂದು ತಿಂಗಳ ಮೇಲೆ ಅಲ್ಲಿ ಕಾವಿ ಕೊಡುವ ಸಮಾರಂಭಕ್ಕೆ ನನಗೆ ಕರೆ ಬಂತು. ಹೋದೆ. ಕಾವಿ ಉಟ್ಟವರು ಬೇರೆ ಇಬ್ಬರು. ಕಿರಿಸ್ವಾಮಿ ಬಿಳಿ ಬಟ್ಟೆಯಲ್ಲೇ ಹಂಡೆಗೆ ನೀರು ಹೊರುತ್ತಿದ್ದರು. ದೊಡ್ಡ ಸ್ವಾಮಿಗಳ ಮಂಚದ ಹತ್ತಿರ ಹೋಗಿ ಕೋತಿಗಳ ಕಥೆಯನ್ನೆಲ್ಲ ಹೇಳಿದೆ, ತಪ್ಪು ನನ್ನದು, ಅವರು ಯಾರನ್ನೂ ಕೇಳಲಿಲ್ಲ ಎಂದೆ.

ದೊಡ್ಡವರು ಕಣ್ಣು ಮುಚ್ಚಿಯೇ ಕೇಳಿಸಿಕೊಂಡರು. "ಬಂದ ದಿನಾನೇ ಎಲ್ಲಾ ಹೇಳವ್ನೆ. ಕೇಳಿಲ್ವಲ್ಲ, ನಡೀತದೆ ಬುಡಪ್ಪ ಅಂದೆ ನಾನು. ಇಲ್ಲ, ಗೊತ್ತಿದ್ದೂ ಉಂಡಿವ್ನಿ, ಇನ್ನೊಂದು ವರ್ಷ ಬಿಳೀಲೇ ಇರ್ತೀನಿ ಅಂತ ಅವ್ನೇ ಕೇಳ್ಕಂಡ."

ಊಟದ ಪಂಕ್ತಿಯಲ್ಲಿ ಬಕೆಟು ಹಿಡಿದು ಬಂದವರು ಅವರೇ. ನನ್ನ ಎಲೆಗೆ ಅನ್ನ ಹಾಕಿ, ಸಾರು ಹಾಕಿ, "ಮನೇಲಿ ಅಕ್ಕ ಚೆನ್ನಾಗವ್ರಾ?" ಎಂದರು. ಬೇಸರವಾಗಲಿ ದೊಡ್ಡತನವಾಗಲಿ ಆ ದನಿಯಲ್ಲಿರಲಿಲ್ಲ. ಬೆಳಗಿನಿಂದ ನೀರು ಹೊತ್ತವರ ಆಯಾಸ ಮಾತ್ರ ಇತ್ತು. ಚೆನ್ನಾಗಿದ್ದಾಳೆ ಎಂದೆ. ಇನ್ನಷ್ಟು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಪಕ್ಕದ ಎಲೆಗೆ ಬಗ್ಗಿದ್ದರು.

ಊಟ ಬಿಡುವಂತಿರಲಿಲ್ಲ. ನಾನು ಉಣ್ಣಲಿ ಎಂದು ಅವರು ತಮ್ಮ ಒಂದು ವರ್ಷವನ್ನೇ ಕೊಟ್ಟಿದ್ದರು. ಪಂಕ್ತಿಯವರೆಲ್ಲ ಕೈ ತೊಳೆಯಲು ಎದ್ದು ಹೋದ ಮೇಲೂ ನಾನೊಬ್ಬನೇ ಕೂತು, ಎಲೆಯಲ್ಲಿ ಒಂದು ಅಗುಳೂ ಬಿಡದೆ ಉಂಡೆ.