ಚೌಕ ಬೇಕಾದರೆ ಚೌಕ ಕೊರೆಯಬಾರದು

ಗೋಕುಲಾಷ್ಟಮಿಯ ಹಿಂದಿನ ದಿನ ಮೊಮ್ಮಗಳು ನಿಧಿ ಅಟ್ಟದಿಂದ ಚಕ್ಕುಲಿ ಒರಳು ಇಳಿಸಿದಳು. ಅಟ್ಟ ಅಂದೆ, ಜೆ.ಪಿ. ನಗರದ ಫ್ಲ್ಯಾಟಿನಲ್ಲಿ ಅಟ್ಟ ಎಲ್ಲಿಂದ ಬರಬೇಕು? ಅಡುಗೆಮನೆಯ ಲಾಫ್ಟು. ಒರಳಿನ ಜೊತೆಗೆ ಹಳೆಯದೊಂದು ಬಿಸ್ಕತ್ತಿನ ಟಿನ್ನು, ಅದರ ತುಂಬ ಬಿಲ್ಲೆಗಳು. ನಕ್ಷತ್ರದ ತೂತಿನದು ಚಕ್ಕುಲಿಗೆ, ಉದ್ದ ಸೀಳಿನದು ರಿಬ್ಬನ್ ಪಕೋಡಕ್ಕೆ, ಸಣ್ಣ ತೂತುಗಳದು ಖಾರಾಸೇವೆಗೆ. ಎಲ್ಲವೂ ಹಿತ್ತಾಳೆ. ತಳದಲ್ಲಿ ಮಾತ್ರ ಒಂದು ಸ್ಟೀಲಿನ ಬಿಲ್ಲೆ. ಅದರ ತೂತು ಚೌಕವೂ ಅಲ್ಲ, ನಕ್ಷತ್ರವೂ ಅಲ್ಲ. ನಾಲ್ಕು ಮೂಲೆಗಳು ಹೊರಕ್ಕೆ ಚಾಚಿ, ನಾಲ್ಕು ಬದಿಗಳು ಒಳಕ್ಕೆ ಬಾಗಿವೆ, ಫೋಟೋಗೆ ನಿಂತವರು ಹೊಟ್ಟೆ ಒಳಗೆಳೆದುಕೊಂಡ ಹಾಗೆ.

"ಅಜ್ಜಿ, ಇದು ಡಿಫೆಕ್ಟ್ ಪೀಸಾ? ಬಿಸಾಕ್ಲಾ?"

ನಾನು ಕುರ್ಚಿಯಿಂದ ಎದ್ದ ವೇಗ ನೋಡಿದ್ದರೆ ನನ್ನ ಮಂಡಿಯ ಡಾಕ್ಟರು ತಮ್ಮ ಬೆನ್ನು ತಾವೇ ತಟ್ಟಿಕೊಳ್ಳುತ್ತಿದ್ದರು. ಬಿಲ್ಲೆಯನ್ನು ಅವಳ ಕೈಯಿಂದ ಕಿತ್ತುಕೊಂಡು ಸೆರಗಿನಲ್ಲಿ ಒರೆಸಿದೆ. ಇದನ್ನು ಡಿಸೈನ್ ಮಾಡಿದವಳು ನಾನೇ ಅಂದರೆ ಅವಳು ನಂಬಲಿಲ್ಲ. ನೀವಾದರೂ ನಂಬಿ.

ನಾನು ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿ ಕಲಿತದ್ದರಲ್ಲಿ ಮುಕ್ಕಾಲು ಪಾಲು ಮರೆತುಹೋಗಿದೆ. ಸದ್ದಿಲ್ಲದೆ ಸೂಪ್ ಕುಡಿಯುವುದನ್ನು ಅಷ್ಟು ಕಷ್ಟಪಟ್ಟು ಕಲಿಸಿದ್ದರು. ನಾನೀಗ ಸಾರನ್ನು ಸೊರ್ರೆಂದು ಹೀರಿದರೆ ಪಕ್ಕದ ಫ್ಲ್ಯಾಟಿಗೆ ಕೇಳುತ್ತದೆ. ಆದರೆ ಡ್ರಾಯಿಂಗ್ ಮರೆತಿಲ್ಲ. ನಮಗೆ ಡ್ರಾಯಿಂಗ್ ಹೇಳಿಕೊಡುತ್ತಿದ್ದ ಸಿಸ್ಟರ್ ಪ್ರಕಾರ ನೇರವಾದ ಗೆರೆ ಅನ್ನುವುದು ಗುಡ್ ಮ್ಯಾನರ್ಸಿನ ಒಂದು ರೂಪ. ಗೆರೆ ಸೊಟ್ಟಗಾದರೆ ಕುಟುಂಬದ ಬಗ್ಗೆಯೇ ಅನುಮಾನ ಪಡುವ ಹಾಗೆ ನೋಡುತ್ತಿದ್ದರು.

ಮದುವೆಯಾಗಿ ಜಯನಗರದ ಮನೆ ತುಂಬಿದ ಸ್ವಲ್ಪ ಕಾಲಕ್ಕೆ ನಮ್ಮವರು ಸರ್ಕಾರಿ ಕಾರ್ಖಾನೆಯ ಭದ್ರವಾದ ಕೆಲಸ ಬಿಟ್ಟರು. ಅರೆಕೆರೆ ಹತ್ತಿರ ಒಂದು ಷೆಡ್ ಹಿಡಿದು, ಪ್ಲಾಸ್ಟಿಕ್ ಪಟ್ಟಿ ಮಾಡುವ ಎಕ್ಸ್‌ಟ್ರೂಡರ್ ತಂದು ಕೂರಿಸಿದರು. ಹೆಸರಿಗೆ ಹೆದರಬೇಡಿ, ಅದೊಂದು ಅಡ್ಡ ಮಲಗಿದ ಚಕ್ಕುಲಿ ಒರಳು. ಒಂದು ತುದಿಯಲ್ಲಿ ಪ್ಲಾಸ್ಟಿಕ್ ಕಾಳು ಸುರಿಯುತ್ತಾರೆ. ಕಾದ ಕೊಳವೆಯೊಳಗೆ ಉದ್ದನೆಯ ಸ್ಕ್ರೂ ತಿರುಗುತ್ತ ಅದನ್ನು ಕರಗಿಸಿ ಮುಂದಕ್ಕೆ ತಳ್ಳುತ್ತದೆ. ಇನ್ನೊಂದು ತುದಿಯಲ್ಲಿ ಡೈ, ಅಂದರೆ ದಪ್ಪ ಉಕ್ಕಿನ ಬಿಲ್ಲೆ. ಆ ಡೈಗಳ ಡ್ರಾಯಿಂಗ್ ನನ್ನ ಪಾಲಿಗೆ ಬಂತು. ಊಟದ ಮೇಜಿನಿಂದ ತಿಂಡಿಯ ತಟ್ಟೆ ಎತ್ತಿದರೆ ನಮ್ಮ ಡ್ರಾಯಿಂಗ್ ಆಫೀಸು ತೆರೆದ ಹಾಗೆ.

ಇಲ್ಲೊಂದು ಮಾತು ಹೇಳಲೇಬೇಕು. ಷೆಡ್ ಶುರುವಾದ ಮೇಲೆ ನಮ್ಮವರು ಸ್ನಾನ ಮಾಡುವಾಗ ಸಿಳ್ಳೆ ಹಾಕತೊಡಗಿದ್ದರು. ಕಾರ್ಖಾನೆಗೆ ಹೋಗುತ್ತಿದ್ದ ಕಾಲದಲ್ಲಿ ಬಚ್ಚಲಿನಿಂದ ಬರೀ ನೀರಿನ ಸದ್ದು ಬರುತ್ತಿತ್ತು. ಸಿಳ್ಳೆಯಲ್ಲಿ ಶ್ರುತಿ, ತಾಳ ಒಂದೂ ಇರಲಿಲ್ಲ. ಆದರೂ ನನಗೂ ಅತ್ತೆಯವರಿಗೂ ಅದು ಬೆಳಗಿನ ಕಾಫಿಯಷ್ಟೇ ಅಭ್ಯಾಸವಾಗಿಹೋಗಿತ್ತು.

ಮೊದಲ ದೊಡ್ಡ ಆರ್ಡರ್ ಬಂತು. ಗಾಜಿನ ಷೋಕೇಸಿನ ಅಂಚಿಗೆ ಕೂರಿಸುವ ಚೌಕದ ಪಟ್ಟಿ. ನಾನು ಸಿಸ್ಟರ್ ಮೆಚ್ಚುವಂಥ ಚೌಕ ಬರೆದುಕೊಟ್ಟೆ, ನಮ್ಮವರು ಹಾಗೆಯೇ ಡೈ ಕೊರೆಸಿದರು. ಮೆಷಿನ್ನಿನಿಂದ ಬಂದ ಪಟ್ಟಿ ನಾಲ್ಕೂ ಕಡೆ ಉಬ್ಬಿಕೊಂಡಿತ್ತು, ಗೊಂಬೆಗೆ ಹೊಲಿದ ದಿಂಬಿನ ಹಾಗೆ. ಪ್ಲಾಸ್ಟಿಕ್ ಹೊರಗೆ ಬಂದ ಮೇಲೆ ಹಿಗ್ಗುತ್ತದೆ ಅಂತ ಅವರು ಎಲ್ಲೋ ಓದಿದ್ದರು. ಸರಿ, ಚಿಕ್ಕ ಚೌಕ ಕೊರೆಸಿದೆವು. ಚಿಕ್ಕ ದಿಂಬು ಬಂತು.

ಆರ್ಡರ್ ಕೊಟ್ಟ ಪಾರ್ಟಿಯವರು ಹಬ್ಬ ಕಳೆದ ಮೇಲೆ ಬರುತ್ತೇವೆ, ಆಗಲೂ ಸರಿ ಇರದಿದ್ದರೆ ಬೇರೆ ಕಡೆ ನೋಡಿಕೊಳ್ಳುತ್ತೇವೆ ಅಂದರು. ಆ ಆರ್ಡರ್ ಹೋದರೆ ಷೆಡ್ ನಡೆಯುವಂತಿರಲಿಲ್ಲ. ನಮ್ಮವರು ಬೀರು ತೆಗೆದು, ಕಾರ್ಖಾನೆಗೆ ಕಟ್ಟಿಕೊಂಡು ಹೋಗುತ್ತಿದ್ದ ಹಳೆಯ ಟೈ ಹುಡುಕತೊಡಗಿದರು. ಬಚ್ಚಲಲ್ಲಿ ಸಿಳ್ಳೆ ನಿಂತಿತು.

ಆ ಗೋಕುಲಾಷ್ಟಮಿಗೆ ಅತ್ತೆಯವರ ಅಕ್ಕಿಹಿಟ್ಟು ಸಾಲದೆ ಬಂದಿತ್ತು. ಫ್ಲೋರ್ ಮಿಲ್ ಮುಚ್ಚಿದ್ದರಿಂದ ಮನೆಯಲ್ಲಿದ್ದ ಮೈದಾವನ್ನೇ ಹಬೆಯಲ್ಲಿ ಬೇಯಿಸದೆ ಧಾರಾಳವಾಗಿ ಬೆರೆಸಿ, ಚೆನ್ನಾಗಿ ನಾದಿ ಒತ್ತಲು ಕೂತಿದ್ದರು.

"ಏನು ಬಂದಿದೆಯೋ ಈ ಹಿಟ್ಟಿಗೆ. ಬಿಲ್ಲೆ ಅದೇ, ಕೈ ಅದೇ, ಚಕ್ಕುಲಿ ನೋಡು, ಬಾಣಂತಿ ಹಾಗೆ ಊದ್ಕೊಂಡಿದೆ" ಅಂದರು.

ನಾನು ಬಗ್ಗಿ ನೋಡಿದೆ. ಹಿತ್ತಾಳೆಯೊಳಗೆ ಬಿಗಿಯಾಗಿದ್ದ ಹಿಟ್ಟು ಹೊರಬಂದ ಕೂಡಲೇ ಮೈ ಸಡಿಲ ಬಿಡುತ್ತಿತ್ತು, ಕಾನ್ವೆಂಟಿನ ಗೇಟು ದಾಟಿದ ಹುಡುಗಿಯರ ಹಾಗೆ. ಆದರೆ ಎಲ್ಲ ಕಡೆ ಒಂದೇ ಸಮ ಉಬ್ಬುತ್ತಿರಲಿಲ್ಲ. ನಕ್ಷತ್ರದ ತುದಿಗಳು ಇದ್ದಲ್ಲೇ ಇದ್ದವು, ನಡುವಿನ ತಗ್ಗುಗಳು ತುಂಬಿಕೊಂಡಿದ್ದವು. ಅಲ್ಲಿಂದ ನಾನು ನೇರ ಊಟದ ಮೇಜಿಗೆ ಹೋದೆ. ಬದಿಗಳು ಉಬ್ಬುವುದೇ ಆದರೆ ಮೊದಲೇ ಅವನ್ನು ಒಳಕ್ಕೆ ಬಾಗಿಸಿಬಿಟ್ಟರೆ? ನನ್ನ ಜನ್ಮದಲ್ಲಿ ಬೇಕೆಂದೇ ಎಳೆದ ಮೊದಲ ಸೊಟ್ಟ ಗೆರೆಗಳು ಅವು. ಸಿಸ್ಟರ್ ಹಿಂದೆಯೇ ನಿಂತಿದ್ದಾರೆ ಅನ್ನಿಸಿ ಒಮ್ಮೆ ತಿರುಗಿಯೂ ನೋಡಿದೆ.

ನಮ್ಮವರು ಡ್ರಾಯಿಂಗನ್ನು ಅತ್ತ ಇತ್ತ ತಿರುಗಿಸಿ ನೋಡಿ, "ಪಾಪ, ಚೌಕಕ್ಕೆ ಹೊಟ್ಟೆನೋವು ಬಂದಿದೆ" ಅಂದರು. ಹೊಸ ಡೈಗೆ ದಪ್ಪ ಉಕ್ಕು ಕೊರೆಸಿ ಅದೂ ಕೆಟ್ಟರೆ ಮತ್ತೊಂದಕ್ಕೆ ಸಮಯವಿರಲಿಲ್ಲ. ಮೊದಲು ಹಿಟ್ಟಿನಲ್ಲೇ ನೋಡೋಣ ಅಂದೆ. ಅವರು ಷೆಡ್ಡಿಗೆ ಹೋಗಿ ತೆಳು ಸ್ಟೀಲಿನಲ್ಲಿ ಒರಳಿಗೆ ಕೂರುವ ಬಿಲ್ಲೆಯೊಂದನ್ನು ತಾವೇ ಅರ ಹಿಡಿದು ಉಜ್ಜಿ ಮಾಡಿಕೊಂಡು ಬಂದರು.

ಆಮೇಲೆ ನೆನಪಾಯಿತು, ಆ ಒರಳು ಮಡಿಯದು. ದೇವರ ನೈವೇದ್ಯಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಅತ್ತೆ ಅದನ್ನು ಮುಟ್ಟಗೊಡುತ್ತಿರಲಿಲ್ಲ. ಷೆಡ್ಡಿನ ಎಣ್ಣೆ ಮೆತ್ತಿದ ಬಿಲ್ಲೆ ಹಿಡಿದು ನಾವಿಬ್ಬರೂ ಅಡುಗೆಮನೆಯ ಹೊಸ್ತಿಲಲ್ಲಿ ನಿಂತೆವು, ಪ್ರೋಗ್ರೆಸ್ ಕಾರ್ಡಿಗೆ ಸಹಿ ಕೇಳಲು ನಿಂತವರ ಹಾಗೆ. ಅತ್ತೆ ಮಗನ ಮುಖವನ್ನು ನೋಡಿದರು, ನೋಡಿಯೇ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು.

"ಇವನು ಮತ್ತೆ ಆ ಟೈ ಕಟ್ಕೊಂಡ್ರೆ ಮನೇಲಿ ಮಾತೇ ಆಡಲ್ಲ ಕಣೇ. ತಾ ಇಲ್ಲಿ."

ಹುಣಿಸೆಹಣ್ಣಿನಲ್ಲಿ ಉಜ್ಜಿ, ಕುದಿಯುವ ನೀರಿನಲ್ಲಿ ಅದ್ದಿ, ಅದಕ್ಕೊಂದು ಚಿಟಿಕೆ ಅರಿಶಿನವನ್ನೂ ಬಳಿದು ಒರಳಿಗೆ ಹಾಕಿದರು. ಬರೀ ಅಕ್ಕಿಹಿಟ್ಟು ಹಾಗೆ ಉಬ್ಬುವುದಿಲ್ಲ, ಮೈದಾ ಹಿಟ್ಟೇ ಇರಲಿ ಅಂತ ನಾನು ಹಟ ಹಿಡಿದೆ. ಅತ್ತೆ ಒತ್ತಿದರು. ಒಳಗೆ ಹೊಟ್ಟೆ ಎಳೆದುಕೊಂಡಿದ್ದ ಹಿಟ್ಟು ಹೊರಗೆ ಬಂದು ಉಸಿರು ಬಿಟ್ಟಿತು, ಉಬ್ಬಿತು, ಚೌಕವಾಯಿತು. ನಮ್ಮವರು ವರ್ನಿಯರ್ ಕ್ಯಾಲಿಪರ್ ಹಿಡಿದು ಅಳೆಯಲು ಒಳಗೆ ನುಗ್ಗಿದರು. ಕ್ಯಾಲಿಪರಿಗೂ ಸ್ನಾನ ಮಾಡಿಸಿದ ಮೇಲೆಯೇ ಅತ್ತೆ ಬಿಟ್ಟದ್ದು. ಆ ವರ್ಷ ನಮ್ಮ ಕೃಷ್ಣನಿಗೆ ಚೌಕದ ಎಳೆಯ ಚಕ್ಕುಲಿ ನೈವೇದ್ಯವಾಯಿತು. ಅವನಿಗಿಂತ ಮೊದಲು ಯಾರೂ ಬಾಯಿಗೆ ಹಾಕಕೂಡದು ಅನ್ನುವುದಷ್ಟೇ ಅತ್ತೆಯವರ ಷರತ್ತು.

ಪ್ಲಾಸ್ಟಿಕ್ಕು ಮೈದಾ ಅಲ್ಲ, ನಿಜ. ಹೊಸ ಡೈ ಮಾಡಿ, ಷೆಡ್ಡಿನಲ್ಲಿ ಇಷ್ಟಿಷ್ಟೇ ಉಜ್ಜಿ ತಿದ್ದಬೇಕಾಯಿತು. ಪಾರ್ಟಿಯವರು ಬರುವ ಹೊತ್ತಿಗೆ ನೀರಿನ ತೊಟ್ಟಿಯಲ್ಲಿ ತಣ್ಣಗಾಗುತ್ತ ಪಟ್ಟಿ ಬರುತ್ತಿತ್ತು, ಅಚ್ಚುಕಟ್ಟಾದ ಚೌಕ. ಅವರು ಅದನ್ನು ಬೆರಳಲ್ಲಿ ಸವರಿ ನೋಡಿ, ಸರಿ ಅಂತ ತಲೆಯಾಡಿಸಿದರು. ಮರುದಿನ ಬೆಳಗ್ಗೆ ಅತ್ತೆ ಕಾಫಿ ಸೋಸುತ್ತಿದ್ದವರು ತಟ್ಟನೆ ಕೈ ನಿಲ್ಲಿಸಿ ನನ್ನ ಮುಖ ನೋಡಿದರು. ಬಚ್ಚಲಿನಿಂದ ಸಿಳ್ಳೆ ಬರುತ್ತಿತ್ತು, ಹಿಂದಿಗಿಂತ ಅಪಸ್ವರವಾಗಿ.

ಆಮೇಲೆ ಎಷ್ಟೋ ಡೈ ಬರೆದೆ. ಬಿಟಿಎಂ ಲೇಔಟಿನಲ್ಲಿ ಆಟೋ ಸಿಗ್ನಲ್ಲಿಗೆ ನಿಂತರೆ ಈಗಲೂ ನನ್ನ ಕಣ್ಣು ಹೋಗುವುದು ಪಿ.ಜಿ.ಗಳ ಕಿಟಕಿಯ ಬೀಡಿಂಗಿಗೆ, ಅಂದರೆ ಗಾಜಿನ ಅಂಚಿನ ಪಟ್ಟಿಗೆ. ಅದು ನಮ್ಮದಲ್ಲ ಅಂತ ಗೊತ್ತಿದ್ದರೂ ಮೂಲೆ ಸರಿಯಾಗಿದೆಯೇ ನೋಡುತ್ತೇನೆ. ಅತ್ತೆ ಇದ್ದಷ್ಟು ಕಾಲ ಪ್ರತಿ ಅಷ್ಟಮಿಗೂ ಆ ಬಿಲ್ಲೆಯಲ್ಲಿ ಒಂದು ಒಬ್ಬೆ ಚಕ್ಕುಲಿ ಆಗುತ್ತಿತ್ತು, ಆಮೇಲೆ ನಾನು ನಡೆಸಿಕೊಂಡು ಬಂದೆ. ನಮ್ಮವರು ತೀರಿಕೊಂಡ ವರ್ಷದಿಂದ ನಮ್ಮ ಕೃಷ್ಣನಿಗೂ ಕಾಂಡಿಮೆಂಟ್ಸ್ ಅಂಗಡಿಯ ಚಕ್ಕುಲಿಯೇ. ಈ ಸಲ ಮನೆಯಲ್ಲೇ ಮಾಡೋಣ ಅಂತ ಹಟ ಹಿಡಿದವಳು ನಿಧಿ.

ನಾನು ಇಷ್ಟೆಲ್ಲ ನೆನೆಸಿಕೊಳ್ಳುತ್ತ ಕೂತಿರುವಾಗ ಅವಳು ನನ್ನ ಕೈಯಿಂದ ಬಿಲ್ಲೆ ಇಸಿದುಕೊಂಡು ತೊಳೆದು, ಒರಳಿಗೆ ಹಾಕಿ, ಕಲಸಿಟ್ಟಿದ್ದ ಅಕ್ಕಿಹಿಟ್ಟು ತುಂಬಿ ಒತ್ತಿಯೇಬಿಟ್ಟಿದ್ದಳು. ಹೊಟ್ಟೆ ಒಳಗೆಳೆದುಕೊಂಡ ಎಳೆಯೇ ಸುರುಳಿ ಸುರುಳಿಯಾಗಿ ತಟ್ಟೆಗೆ ಬಿತ್ತು.

"ನೋಡಿ ಅಜ್ಜಿ, ಸ್ಕ್ವೇರ್ ಬರಲೇ ಇಲ್ಲ. ನೀವು ಡಿಸೈನ್ ಮಾಡಿದ್ದು ಅಂದ್ರಿ."

ನಾನು ಸೆರಗು ಸಿಕ್ಕಿಸಿಕೊಂಡೆ.

"ಆ ಮೈದಾ ಡಬ್ಬ ಇಳಿಸು" ಅಂದೆ.