ಅಮ್ಮನ ಕತ್ತಿಗೆ ನಾನು ಹಾಕಿದ ಕೈ

ಸವಿತಾ, ಅಮ್ಮನ ಕತ್ತನ್ನು ಕೆಡಿಸಿದವಳು ನೀನಲ್ಲ — ನಾನು. ಇಷ್ಟು ವರ್ಷ ಆ ಅಪವಾದವನ್ನು ನಿನ್ನ ಮೇಲೆ ಹೊರಿಸಿ, ನೀನು ನನ್ನನ್ನು ಅತ್ತಿಗೆ ಅತ್ತಿಗೆ ಎಂದು ಕರೆದು ಬಡಿಸಿದ್ದನ್ನೆಲ್ಲ ಉಂಡು ಬಂದೆ.

ಕತ್ತಿನಲ್ಲಿ ನರ ಒತ್ತಿ ಅಮ್ಮನ ಬಲಗೈಗೆ ಬೆರಳ ತುದಿಯವರೆಗೆ ಜೋಮು ಹಿಡಿಯುತ್ತಿದ್ದಾಗ, ಭದ್ರಾವತಿಯಿಂದ ಕರೆಸಿಕೊಂಡು ಶಿವಮೊಗ್ಗದಲ್ಲಿ ಫಿಸಿಯೋಥೆರಪಿಗೆ ಸೇರಿಸಿದ್ದು ನಾನೇ. ಆಲ್ಕೊಳದ ನಮ್ಮ ಮನೆಗೆ ಅದು ಹತ್ತಿರ. ಆದರೆ ಅಮ್ಮ ಇರುವುದು ತಮ್ಮನ ಮನೆಯಲ್ಲಿ ಎಂದು ಅಲ್ಲಿನ ಫಿಸಿಯೋಥೆರಪಿ ಮೇಡಂ, ಮನೆಯಲ್ಲಿ ಮಾಡುವ ವಿಧಾನ ಕಲಿಸಿದ್ದು ಅವನ ಹೆಂಡತಿಯಾದ ನಿನಗೆ. ಮಲಗಿಸಿ, ತಲೆಯ ಹಿಂಭಾಗಕ್ಕೆ ಎರಡೂ ಅಂಗೈ ಕೊಟ್ಟು, ಮೆಲ್ಲಗೆ ಎಳೆದು ಹಿಡಿಯುವುದು. "ಎಳ್ಯೋದು ಅಂದ್ರೆ ಜಗ್ಗೋದಲ್ಲ, ಹಿಡ್ಕೊಂಡು ಕಾಯ್ಬೇಕು. ತಿರುಚೋದಂತೂ ಬೇಡ್ವೇ ಬೇಡ" ಎಂದಿದ್ದರು. ನಾನೂ ಕೇಳಿಸಿಕೊಂಡಿದ್ದೆ.

ನಿನ್ನ ಅಂಗೈಯಲ್ಲಿ ಅಮ್ಮ ಕಣ್ಣು ಮುಚ್ಚಿ ತಲೆಯ ಭಾರವನ್ನೆಲ್ಲ ಬಿಟ್ಟುಬಿಡುತ್ತಿದ್ದಳು. ನನಗೆ ಹೊಟ್ಟೆ ಉರಿಯುತ್ತಿತ್ತು. ಹೆತ್ತ ಮಗಳು ನಾನು, ನಿನ್ನೆ ಮೊನ್ನೆ ಬಂದವಳು ನೀನು — ನಾನೊಮ್ಮೆ ಹಿಡಿಯಲು ಹೋದರೆ ಕತ್ತು ಬಿಗಿ ಮಾಡಿಕೊಂಡು, "ನೀನ್ ಬಿಡೇ ಮಾರಾಯ್ತಿ, ನನ್ ಕತ್ತು ಸವಿತಾ ಕೈಗೆ ಒಗ್ಗಿದೆ" ಎಂದಳು. ನಗುತ್ತಲೇ ಅಂದಳು. ನಾನೂ ನಕ್ಕೆ.

ಆ ದಿನ ನಾನು ಭದ್ರಾವತಿಗೆ ಬಂದಿದ್ದೆ. ನೀನು ಮಾರ್ಕೆಟ್ಟಿಗೆ ಹೋಗಿದ್ದೆ. ಅಮ್ಮನನ್ನು ಎಣ್ಣೆಸ್ನಾನಕ್ಕೆ ಕೂರಿಸಿದೆ. ಎಣ್ಣೆ ತಿಕ್ಕಿದ ಮೇಲೆ ನೆಟಿಕೆ ತೆಗೆಯುವುದು ನಮ್ಮ ತವರಿನ ವಾಡಿಕೆ, ಮೊದಲು ಬೆರಳು, ಆಮೇಲೆ ಕತ್ತು. ಅಮ್ಮ ಬೇಡ ಎಂದಳು. ನನ್ನ ಕೈಯೂ ಕೈಯೇ ಎಂದು ತೋರಿಸಬೇಕಿತ್ತಲ್ಲ — ಗದ್ದ ಹಿಡಿದು ಲಟಕ್ಕನೆ ತಿರುಗಿಸಿದೆ. ಅಮ್ಮ ಕಿರುಚಿದಳು. ಹಿಡಿದಿದ್ದ ಎಣ್ಣೆ ಬಟ್ಟಲು ಅವಳ ಬಲಗೈಯಿಂದ ಜಾರಿ ಬಿತ್ತು.

ತಮ್ಮ ಓಡಿ ಬಂದ. "ಬೆಳಿಗ್ಗೆ ಸವಿತಾ ಎಳೆದ್ಲಲ್ಲ, ಆಗ್ಲಿಂದ್ಲೇ ನೋವಂತೆ. ಈಗ ತಡ್ಕೊಳಕ್ಕಾಗ್ತಿಲ್ಲ" ಎಂದುಬಿಟ್ಟೆ. ಮಂಗ ತಾನು ತಿಂದು ಮೇಕೆಯ ಬಾಯಿಗೆ ಒರೆಸಿದ ಹಾಗೆ. ಅಮ್ಮ ನನ್ನ ಮುಖ ನೋಡಿದಳು. ಏನೂ ಹೇಳಲಿಲ್ಲ. ನಿಜ ಹೇಳುತ್ತೇನೆ ಸವಿತಾ, ಆ ಕ್ಷಣ ನನಗೆ ಹಿಗ್ಗಾಯಿತು. ಕೊನೆಗೂ ಅಮ್ಮ ನನ್ನ ಕಡೆ...

ಅಂದಿನಿಂದ ತಮ್ಮ ನಿನಗೆ ಅಮ್ಮನ ಕತ್ತು ಮುಟ್ಟಗೊಡಲಿಲ್ಲ. ಅವಳ ಬಲಗೈಗೆ ಇಂದಿಗೂ ಹಿಡಿತವಿಲ್ಲ. ಊಟ ಎಡಗೈಯ ಚಮಚದಲ್ಲಿ. ನೋವು ಬಂದರೆ ಯಾರನ್ನೂ ಕರೆಯದೆ ಗೋಡೆಗೆ ತಲೆ ಆನಿಸಿ ಕೂರುತ್ತಾಳೆ.

ನಾಳೆ ಬರುತ್ತೇನೆ. ತಮ್ಮನ ಎದುರೇ ಹೇಳುತ್ತೇನೆ. ಅಮ್ಮನಿಗೆ ಎಲ್ಲ ಗೊತ್ತಿತ್ತು ಎಂಬುದೂ ಆಗ ಹೊರಬೀಳುತ್ತದೆ — ಅದಕ್ಕೆ ಹೆದರಿ ಬಾಯಿ ಮುಚ್ಚಿಕೊಂಡಿದ್ದೆ ಎನ್ನಲಾರೆ, ಹೆದರಿದ್ದು ನನಗಾಗಿಯೇ. ನನ್ನನ್ನು ಏನು ಬೇಕಾದರೂ ಅನ್ನು. ಅಮ್ಮನನ್ನು ಮಾತ್ರ ಏನೂ ಅನ್ನಬೇಡ. ನನ್ನ ಮಾನ ಉಳಿಸಲು ಅವಳು ನಿನ್ನ ಕೈಯನ್ನೇ ಕಳೆದುಕೊಂಡಳು.