ಹೊಗೆಯ ಮುಂದೆ ನಿಂತ ನಂಜಪ್ಪ ಸಾರ್

ನಂಜಪ್ಪ ಸಾರ್ ಯಾರಿಗೂ ‘ಸಿಗರೇಟು ಆರಿಸಿ’ ಎಂದು ಹೇಳಿದ್ದನ್ನು ನಾನು ಕೇಳಿಲ್ಲ. ಸೇದುತ್ತಿರುವವರ ಎದುರಿಗೆ ಬಂದು ನಿಲ್ಲುತ್ತಿದ್ದರು. ಅಂಗಿ ಜೇಬಿನಿಂದ ಪುಟ್ಟ ತಗಡಿನ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಅವರ ಮುಂದೆ ಹಿಡಿಯುತ್ತಿದ್ದರು. ಆರಡಿ ಆಳು, ಮಾತು ಮಾತ್ರ ಮೆತ್ತಗೆ. ಎದುರಿನವರು ಎಷ್ಟು ಹೊತ್ತು ಸತಾಯಿಸಿದರೂ ಆ ಕೈ ಕೆಳಗಿಳಿಯುತ್ತಿರಲಿಲ್ಲ. ತುಂಡು ಡಬ್ಬಿಗೆ ಬಿದ್ದ ಮೇಲೆ ದಂಡದ ರಸೀದಿ ಹರಿದುಕೊಟ್ಟು ‘ಥ್ಯಾಂಕ್ಸ್ ಸಾರ್’ ಎನ್ನುತ್ತಿದ್ದರು.

ಅವರು ಪಾಲಿಕೆಯ ಆರೋಗ್ಯ ನಿರೀಕ್ಷಕರು. ನಾನು ಕುರುಬರಹಳ್ಳಿಯ ಸಣ್ಣ ದರ್ಶಿನಿಯೊಂದರಲ್ಲಿ ಬಿಲ್ ಕೌಂಟರಿನಲ್ಲಿ ಕೂರುತ್ತಿದ್ದೆ. ಕೌಂಟರಿನ ಪಕ್ಕದ ಕಂಬಕ್ಕೆ ದಾರ ಕಟ್ಟಿ ಲೈಟರ್ ತೂಗುಬಿಟ್ಟಿದ್ದರು. ಟೀ ಲೋಟ ಹಿಡಿದು ಬಂದವರೆಲ್ಲ ಅಲ್ಲೇ ಹಚ್ಚಿಕೊಂಡು ಅಲ್ಲೇ ನಿಲ್ಲುತ್ತಿದ್ದರು. ಸಾರ್ವಜನಿಕ ಜಾಗದಲ್ಲಿ ಸೇದಬಾರದೆಂಬ ಕಾನೂನು ಬಂದು ಎಷ್ಟೋ ಕಾಲವಾಗಿದ್ದರೂ ನಮ್ಮ ಬೀದಿಗೆ ಅದು ತಲುಪಿದ್ದು ಈ ಮನುಷ್ಯನ ಜೊತೆಗೇ.

ಮೊದಲ ದಿನ ಒಬ್ಬ ಹುಡುಗ, ಈ ರಸ್ತೆ ಏನು ನಿಮ್ಮಪ್ಪಂದಾ ಎಂದು ಕೇಳಿಬಿಟ್ಟ. ನಂಜಪ್ಪ ಸಾರ್‌ಗೆ ಕೋಪ ಬರಲಿಲ್ಲ.

“ನಮ್ಮಪ್ಪಂದಾಗಿದ್ರೆ ಒಳಗೆ ಕರೆದು ಕೂರಿಸ್ತಿದ್ದೆ ಕಣಪ್ಪಾ. ಎಲ್ಲಾರ್ದೂ ಅಲ್ವಾ, ಅದಕ್ಕೇ ಕೇಳ್ತಾ ಇದೀನಿ” ಎಂದರು.

ಆಗ ನನಗೆ ಐದು ತಿಂಗಳು. ಅದಕ್ಕೂ ಮುಂಚೆ ಎರಡು ಸಲ ಗರ್ಭ ನಿಂತಿರಲಿಲ್ಲ. ಹೊಗೆಯ ಹತ್ತಿರ ಸುಳಿಯಬೇಡಿ ಎಂದು ಡಾಕ್ಟರು ಹೇಳಿದ್ದರು. ಆದರೆ ಗಂಡನಿಗೆ ಫ್ಯಾಕ್ಟರಿ ಕೆಲಸ ಹೋಗಿತ್ತು, ನಾನು ಬಿಡುವ ಹಾಗಿರಲಿಲ್ಲ. ಓನರ್‌ಗೆ ಒಮ್ಮೆ ಹೇಳಿ ನೋಡಿದೆ. ಸಿಗರೇಟಿಲ್ಲ ಅಂದರೆ ಗಿರಾಕಿಗಳು ಎದುರಿನ ಅಂಗಡಿಗೆ ಹೋಗುತ್ತಾರೆ, ಕಷ್ಟವಾದರೆ ಮನೆಯಲ್ಲಿರಮ್ಮ ಎಂದರು. ಆಮೇಲೆ ಸೆರಗನ್ನು ಮೂಗಿಗೆ ಒತ್ತಿಕೊಂಡು ಬಿಲ್ ಕೊಡುತ್ತಿದ್ದೆ.

ಆ ಸೆರಗನ್ನು ನಂಜಪ್ಪ ಸಾರ್ ನೋಡಿದರು. ಎಷ್ಟು ತಿಂಗಳು ಎಂದು ಕೇಳಿದರು. ಹೇಳಿದೆ. ಹಿಂದಿನ ಎರಡರ ವಿಷಯವೂ, ಗುರುತಿಲ್ಲದ ಅವರ ಮುಂದೆ, ಅದು ಹೇಗೋ ಬಾಯಿಗೆ ಬಂದುಬಿಟ್ಟಿತು. ಅವರು ಕಂಬದ ಲೈಟರನ್ನೊಮ್ಮೆ ನೋಡಿ ಹೋದರು.

ಮಾರನೆಯ ದಿನ ‘ಧೂಮಪಾನ ನಿಷೇಧಿಸಲಾಗಿದೆ’ ಎಂಬ ಬೋರ್ಡು, ಓನರ್‌ಗೆ ಒಂದು ನೋಟಿಸು ಎರಡನ್ನೂ ತಂದರು. ಲೈಟರ್ ಬಿಚ್ಚಿಸಿದರು. ಓನರ್ ನನ್ನ ಕಡೆ ತಿರುಗಿ, ನೀನೇನಾದ್ರೂ ಹೇಳಿದ್ಯಾ ಎಂದರು.

“ಆ ಯಮ್ಮ ಏನೂ ಹೇಳಿಲ್ಲ. ನನಗೂ ಮೂಗಿದೆ” ಎಂದರು ನಂಜಪ್ಪ ಸಾರ್.

ವಾರ ಕಳೆಯುವಷ್ಟರಲ್ಲಿ ಕಟ್ಟಡದ ಮಾಲೀಕರ ಭಾವಮೈದುನ ಬಂದು, ಬೇಕೆಂದೇ ಬೋರ್ಡಿನ ಕೆಳಗೆ ನಿಂತು ಹಚ್ಚಿದ. ಡಬ್ಬಿ ಮುಂದೆ ಬಂತು. ಅವನು ಯಾರಿಗೋ ಫೋನ್ ಮಾಡಿ ಮೊಬೈಲನ್ನು ಇವರ ಕೈಗೆ ಕೊಟ್ಟ. ಇವರು ಎಲ್ಲವನ್ನೂ ಕೇಳಿಸಿಕೊಂಡು, ಆಯ್ತು ಸಾರ್ ಎಂದು ಮೊಬೈಲ್ ವಾಪಸ್ ಕೊಟ್ಟರು. ಇನ್ನೊಂದು ಕೈಯಲ್ಲಿ ಡಬ್ಬಿ ಹಾಗೇ ಇತ್ತು. ಹೋಟೆಲಿನವರೆಲ್ಲ ನೋಡುತ್ತಿದ್ದರು. ಕೊನೆಗೆ ತುಂಡು ಅದರೊಳಗೇ ಬಿತ್ತು.

ಅದಾದ ಮೇಲೂ ಅವರು ದಿನಾ ಬೆಳಿಗ್ಗೆ ಬರುತ್ತಿದ್ದರು. ಕೌಂಟರಿನ ಪಕ್ಕದಲ್ಲಿ ನಿಂತು ನಿಧಾನವಾಗಿ ಕಾಫಿ ಕುಡಿಯುತ್ತಿದ್ದರು. ರಸೀದಿ ಪುಸ್ತಕ ಮಾತ್ರ ಹೊರಗೆ ಬರುತ್ತಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ, ಅವರನ್ನು ಕಂಡವರು ಜೇಬಿಗೆ ಹಾಕಿದ ಕೈಯನ್ನು ಹಾಗೇ ತೆಗೆಯುತ್ತಿದ್ದರು. ನಾನು ಹೆರಿಗೆಗೆ ರಜೆ ಹಾಕುವ ದಿನದವರೆಗೂ ಅವರು ಬರುವುದು ತಪ್ಪಲಿಲ್ಲ.

ಮಗಳು ಹುಟ್ಟಿದಳು. ಮೂರು ತಿಂಗಳ ಮಗುವನ್ನು ಎತ್ತಿಕೊಂಡು, ಅವರಿಗೆ ತೋರಿಸೋಣವೆಂದು ವಾರ್ಡ್ ಕಚೇರಿಗೆ ಹೋದೆ. ಅಲ್ಲಿದ್ದ ಗುಮಾಸ್ತೆ, ಅವರಿಗೆ ಹೆಗ್ಗನಹಳ್ಳಿ ಕಡೆಗೆ ವರ್ಗವಾಗಿದೆ ಎಂದರು. ಯಾವಾಗ ಎಂದು ಕೇಳಿದೆ. ಅವರು ಹೇಳಿದ ತಾರೀಖು ದರ್ಶಿನಿಯಲ್ಲಿ ಆ ಫೋನು ಬಂದ ವಾರದ್ದೇ. ಅಂದರೆ ಅಷ್ಟು ತಿಂಗಳೂ ಅವರು ಯಾವ ಅಧಿಕಾರವೂ ಇಲ್ಲದೆ, ಹೆಗ್ಗನಹಳ್ಳಿಗೆ ಹೋಗುವ ಮುಂಚೆ ಸುತ್ತು ಹಾಕಿಕೊಂಡು ಬಂದು, ನನ್ನ ಪಕ್ಕ ನಿಂತು ಹೋಗಿದ್ದರು.

ಅಲ್ಲಿಂದಲೇ ಹೆಗ್ಗನಹಳ್ಳಿಯ ಕಚೇರಿಗೆ ಆಟೋ ಹಿಡಿದೆ. ಯಾಕೆ ಹೇಳಲಿಲ್ಲ ಸಾರ್ ಎಂದು ಕೇಳಿದ್ದಕ್ಕೆ, ನನಗೆ ವರ್ಗ ಆಗಿರೋದು ಸೇದುವವರಿಗೆ ಗೊತ್ತಿರಲಿಲ್ವಲ್ಲಮ್ಮ ಎಂದು ನಕ್ಕರು. ಆಮೇಲೆ ಮಗುವಿನ ಮುಖವನ್ನೇ ನೋಡುತ್ತಾ ಮೆಲ್ಲಗೆ ಹೇಳಿದರು.

“ನಮ್ಮನೆಯೋರು ಬಸುರಿಯಾಗಿದ್ದಾಗ ಮನೆ ತುಂಬ ಹೊಗೆ ಮಾಡ್ತಿದ್ದೋನು ನಾನೇ. ಅವಾಗ ನನ್ನ ಮುಂದೆ ಯಾರೂ ಬಂದು ನಿಲ್ಲಲಿಲ್ಲ. ಮಗು ಉಳೀಲಿಲ್ಲ.”

ಥ್ಯಾಂಕ್ಸ್ ಹೇಳಲೆಂದೇ ಹೋಗಿದ್ದೆ, ಅದರ ಬದಲು ಮಗುವನ್ನು ಅವರ ಕಡೆಗೆ ಚಾಚಿದೆ.

ಅದೇ ಕೊನೆಯ ಭೇಟಿ. ನಿವೃತ್ತಿಯಾಗಿ ಊರಿಗೆ ಹೋದರೆಂದು ಕೇಳಿದ್ದೆ. ಹೋದ ವರ್ಷ ತೀರಿಕೊಂಡರೆಂದು ಗೊತ್ತಾಗುವಷ್ಟರಲ್ಲಿ ತಿಥಿಯೂ ಕಳೆದಿತ್ತು. ಮಗಳಿಗೀಗ ಏಳು ವರ್ಷ. ನೆನೆದಾಗಲೆಲ್ಲ ನನಗೆ ಹೆಗ್ಗನಹಳ್ಳಿಯ ಆ ಕಚೇರಿಯೇ ಕಣ್ಣ ಮುಂದೆ ಬರುತ್ತದೆ. ನಲ್ಲಿಯ ಹತ್ತಿರ ಹೋಗಿ ಎರಡು ಸಲ ಕೈ ತೊಳೆದು ಬಂದು ಅವರು ಮಗುವನ್ನು ಎತ್ತಿಕೊಂಡರು. ಅದು ಹೆಗಲ ಮೇಲೆ ನಿದ್ದೆ ಹೋಯಿತು. ಕಸದ ಗಾಡಿ ಬಂದಿಲ್ಲವೆಂದು ಜಗಳಕ್ಕೆ ಬಂದ ನಾಲ್ಕು ಜನರಿಗೆ, “ಒಂದ್ಸ್ವಲ್ಪ ಮೆಲ್ಲಗೆ ಮಾತಾಡಿ ಸಾರ್, ಮಗು ಮಲಗಿದೆ” ಎಂದರು.